ಕೇಕ್ ಬಂದ ದಿನ

ನಮ್ಮ ಲಾಂಡ್ರಿಯಲ್ಲಿ ಕೇಕ್ ಬಂತೆಂದರೆ ಯಾರದೋ ಕೆಲಸ ಹೋಯಿತೆಂದೇ ಅರ್ಥ. ಹುಟ್ಟುಹಬ್ಬಕ್ಕೆಲ್ಲ ಕೇಕ್ ತರುವ ಜನ ಅಲ್ಲ ಕಂಪನಿಯವರು. ಮೂವತ್ತೊಂದು ವರ್ಷದಲ್ಲಿ ನಾನು ಹುಟ್ಟಿದ ದಿನ ಯಾವುದೆಂದು ಒಬ್ಬ ಮ್ಯಾನೇಜರನೂ ಕೇಳಿದ್ದಿಲ್ಲ. ಅರವತ್ತು ದಾಟಿದ್ದೇ ತಡ, ನನ್ನ ವಯಸ್ಸು ಎಲ್ಲರಿಗೂ ಬಾಯಿಪಾಠವಾಯಿತು.

ನನ್ನ ಹೆಸರು ಕ್ಲೋಟೀ ರುಡಾಲ್ಫ್. ಊರು ಅಲಬಾಮಾದ ಬೆಸ್ಸೆಮರ್. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ. ಕಟ್ಟಡದ ನಡುವೆ ಒಂದು ಗೋಡೆ. ಗೋಡೆಯ ಆಚೆ ಕೊಳೆ ಕಡೆ, ಈಚೆ ಶುಭ್ರ ಕಡೆ. ಕೊಳೆ ಕಡೆಯಲ್ಲಿ ಚೀಲ ಬಿಚ್ಚಬೇಕು, ಕೈಯಿಂದ ವಿಂಗಡಿಸಬೇಕು. ರಕ್ತ, ಕೀವು, ಹೇಲು, ವಾಂತಿ. ಅದರ ನಡುವೆ ಸೂಜಿ, ಕತ್ತರಿ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ಎರಡು ಜೊತೆ ಕೈಗವಸು ಹಾಕಿದರೂ ವಾಸನೆ ಉಗುರಿನ ಸಂದಿಗೆ ಇಳಿಯುತ್ತದೆ. ಊಟಕ್ಕೆ ಕೂತಾಗ ಅದು ಗೊತ್ತಾಗುತ್ತದೆ. ಹೊಸಬರನ್ನು ಮೊದಲು ಅಲ್ಲಿಗೇ ಹಾಕುವುದು. ಕೆಲವು ವರ್ಷ ಅಲ್ಲಿ ತೇಯ್ದವರಿಗೆ ಶುಭ್ರ ಕಡೆಗೆ ಬರುವ ಭಾಗ್ಯ. ನಾನೂ ನನ್ನ ಗೆಳತಿ ಮೊಜೆಲ್ ಟಾರ್ವರಳೂ ಹಾಗೆ ಬಂದವರೇ.

ಶುಭ್ರ ಕಡೆಯಲ್ಲಿ ನಮ್ಮದು ಇಸ್ತ್ರಿ ರೋಲರು. ಒಂದು ರೋಲರಿಗೆ ಇಬ್ಬರು ಹೆಂಗಸರು. ಒದ್ದೆ ಶೀಟುಗಳ ರಾಶಿಯಿಂದ ಒಂದು ಮೂಲೆ ಅವಳು ಹಿಡಿಯಬೇಕು, ಇನ್ನೊಂದು ನಾನು. ಕೊಡವಬೇಕು, ಎಳೆಯಬೇಕು, ಅಂಚು ಹೊಂದಿಸಿ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಅದು ನುಂಗುವಷ್ಟರಲ್ಲಿ ಮುಂದಿನದು ಕೈಯಲ್ಲಿರಬೇಕು. ಬೆಳಿಗ್ಗೆ ಐದಕ್ಕೆ ಶುರು, ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ. ಹತ್ತೊಂಬತ್ತು ವರ್ಷ ನಾನೂ ಮೊಜೆಲಳೂ ಜೋಡಿ. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಶೀಟು ಒಂಚೂರು ಬಿಗಿಯಾದರೆ ಅವಳಿಗೆ ಭುಜ ನೋಯುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಸಡಿಲ ಬಿಡುತ್ತಿದ್ದೆ. ನನಗೆ ಸಕ್ಕರೆ ಇಳಿದು ಕೈ ನಡುಗಿದರೆ ಅವಳು ನಿಧಾನ ಮಾಡುತ್ತಿದ್ದಳು. ಮಾತೇ ಬೇಕಿರಲಿಲ್ಲ.

ನಮಗಿಬ್ಬರಿಗೂ ಬೇಕಾಗಿದ್ದು ಒಂದೇ. ಅರವತ್ತೈದು ತುಂಬಿದರೆ ಸರ್ಕಾರದ ಆರೋಗ್ಯ ವಿಮೆ ಸಿಗುತ್ತದೆ. ಅಲ್ಲಿಯವರೆಗೆ ಕಂಪನಿಯ ವಿಮೆಯೇ ಗತಿ. ನನಗೆ ದಿನಾ ಇನ್ಸುಲಿನ್ ಬೇಕು. ಮೊಜೆಲಳ ಎದೆಯಲ್ಲಿ ಎರಡು ಸ್ಟೆಂಟು ಇದೆ. ಕೆಲಸ ಹೋದರೆ ಔಷಧಿ ಹೋಯಿತು, ಅಷ್ಟೇ ಕಥೆ. ನಮಗೆ ಯಾರ ಹೂಮಾಲೆಯೂ ಬೇಕಿರಲಿಲ್ಲ. ಅರವತ್ತೈದು ಮುಟ್ಟುವವರೆಗೆ ಶೀಟಿನ ಮೂಲೆ ಹಿಡಿದುಕೊಂಡು ನಿಲ್ಲಲು ಬಿಟ್ಟಿದ್ದರೆ ಸಾಕಿತ್ತು.

ಕೋಲ್ಟನ್ ಬಂದ. ಮೂವತ್ತೆರಡರ ಮ್ಯಾನೇಜರು. ಬಿಳಿ ಹುಡುಗ, ಹಲ್ಲೂ ಬಿಳಿ. ನಮ್ಮನ್ನು ಮಿಸ್ ಕ್ಲೋಟೀ, ಮಿಸ್ ಮೊಜೆಲ್ ಎಂದೇ ಕರೆಯುತ್ತಿದ್ದ. ಈ ಕಡೆಯಲ್ಲಿ ದೊಡ್ಡವರನ್ನು ಹಾಗೆ ಕರೆಯುವುದು ಮರ್ಯಾದೆ. ಅವನ ಬಾಯಲ್ಲಿ ಅದು ಮರ್ಯಾದೆಯಾಗಿ ಉಳಿಯಲಿಲ್ಲ. ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದ: ಮಿಸ್ ಮೊಜೆಲ್, ರೋಲರಿಗೆ ಎಣ್ಣೆ ಬಿಡಲು ಮೆಕ್ಯಾನಿಕ್ ಬರುತ್ತಿದ್ದಾನೆ, ನಿಮ್ಮ ಮೊಣಕಾಲಿಗೂ ಎರಡು ಹನಿ ಬಿಡಿಸಲೇ? ಹುಡುಗಿಯರು ನಗುತ್ತಿದ್ದರು. ನಗದಿದ್ದರೆ ಅವರ ಪಾಳಿ ಬದಲಾಗುತ್ತಿತ್ತು. ಮೊಮ್ಮಕ್ಕಳು ನಿಮ್ಮನ್ನು ಹುಡುಕುತ್ತಿಲ್ಲವೇ, ಯಾವಾಗ ಮನೆಯಲ್ಲಿ ಆರಾಮವಾಗಿ ಕೂರುತ್ತೀರಿ ಎಂದು ವಾರವಾರ ಕೇಳುತ್ತಿದ್ದ. ಇಲ್ಲಿಗೆ ಹೊಸ ರಕ್ತ ಬೇಕು ಎನ್ನುತ್ತಿದ್ದ. ಹಳೇ ರಕ್ತ ಎಷ್ಟು ಬೇಕಾದರೂ ಕೊಳೆ ಕಡೆಯ ಚೀಲದಲ್ಲಿದೆ ತಗೋ ಎನ್ನಬೇಕೆನಿಸುತ್ತಿತ್ತು ನನಗೆ. ಅನ್ನಲಿಲ್ಲ.

ರೋಲರುಗಳ ಮೇಲೆ ಅವನು ದೀಪದ ಹಲಗೆ ಹಾಕಿಸಿದ. ಶೀಟುಗಳ ವೇಗ ಸರಿಯಾಗಿದ್ದರೆ ಹಸಿರು, ಕಮ್ಮಿಯಾದರೆ ಕೆಂಪು. ಹೊಸ ರೋಲರನ್ನು ಇಪ್ಪತ್ತೈದರ ಹುಡುಗಿಯರಿಗೆ ಕೊಟ್ಟ. ನಮಗೆ ಹಳೆಯದು. ಅದರ ಪಟ್ಟಿ ಸಿಕ್ಕಿಕೊಳ್ಳುತ್ತಿತ್ತು, ಬಿಡಿಸಲು ನಿಂತರೆ ಕೆಂಪು ಉರಿಯುತ್ತಿತ್ತು. ಪಟ್ಟಿ ಬದಲಿಸಿ ಎಂದು ನಾವು ಬಾಯಿ ನೋಯುವಷ್ಟು ಸಲ ಹೇಳಿದೆವು. ಬದಲಿಸಲಿಲ್ಲ. ಹಲಗೆಯ ಕಡೆ ಬೆರಳು ತೋರಿಸಿ, ಇದು ನಾನು ಹೇಳುತ್ತಿರುವುದಲ್ಲ ಮಿಸ್ ಕ್ಲೋಟೀ, ಯಂತ್ರ ಹೇಳುತ್ತಿದೆ ಎಂದ. ಮರುವಾರ ಮೊಜೆಲಳನ್ನು ಕೊಳೆ ಕಡೆಗೆ ಹಾಕಿದರು. ಅರವತ್ತಮೂರರ ಹೆಂಗಸು. ಹೊಸಬರ ಜಾಗಕ್ಕೆ. ಎರಡು ಸ್ಟೆಂಟಿನ ಎದೆಯ ಮೇಲೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು ಗೋಡೆಯ ಆಚೆ ಹೋದಳು. ತಾನಾಗಿಯೇ ಬಿಟ್ಟು ಹೋಗಲಿ ಎಂಬುದೇ ಅವರ ಲೆಕ್ಕ. ಅವಳು ಬಿಡಲಿಲ್ಲ.

ಆಗ ಕೇಕ್ ಬಂತು. ಹೋದ ವರ್ಷದ ಫೆಬ್ರವರಿ, ಒಂದು ಶುಕ್ರವಾರ, ಪಾಳಿ ಮುಗಿಯುವ ಹೊತ್ತು. ಊಟದ ಕೋಣೆಗೆ ಎಲ್ಲರೂ ಬನ್ನಿ ಎಂದರು. ಮೇಜಿನ ಮೇಲೆ ಬಿಳಿ ಕೇಕು, ಅದರ ಮೇಲೆ ನೀಲಿ ಕ್ರೀಮಿನಲ್ಲಿ ಮಿಸ್ ಮೊಜೆಲಿಗೆ ನಿವೃತ್ತಿಯ ಶುಭಾಶಯ ಎಂದಿತ್ತು. ಮೊಜೆಲ್ ಅದನ್ನು ಓದಿದಳು. ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ಕೋಲ್ಟನ್ ಚಪ್ಪಾಳೆ ತಟ್ಟಿ, ನಮ್ಮ ಮಿಸ್ ಮೊಜೆಲ್ ಮಾರ್ಚ್ ಕೊನೆಗೆ ವಿಶ್ರಾಂತಿಗೆ ಹೋಗುತ್ತಿದ್ದಾರೆ ಎಂದ. ಫೋನು ಎತ್ತಿ ಹಿಡಿದು ವಿಡಿಯೋ ಶುರು ಮಾಡಿ, ಎರಡು ಮಾತಾಡಿ ಎಂದ.

ಇಲ್ಲಿ ನಮ್ಮ ಚರ್ಚಿನ ಪದ್ಧತಿ ಹೇಳಬೇಕು. ಭಾನುವಾರ ನಾವು ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳುತ್ತೇವೆ. ಎದ್ದು ನಿಂತವಳು ದೂರು ಹೇಳುವುದಿಲ್ಲ. ಮೊದಲು ದೇವರಿಗೆ ಸ್ತೋತ್ರ, ಆಮೇಲೆ ಪಾಸ್ಟರಿಗೆ, ಆಮೇಲೆ ಕೂತವರಿಗೆಲ್ಲ ವಂದನೆ. ದಣಿದಿದ್ದೇನೆ, ಆದರೆ ಇಲ್ಲಿಯವರೆಗೆ ಬಂದೆ, ಕರೆದಾಗ ಭಾರ ಇಳಿಸುತ್ತೇನೆ ಎನ್ನುತ್ತೇವೆ. ಮೂವತ್ತರ ಹೆಂಗಸೂ ಹಾಗೇ ಹೇಳುತ್ತಾಳೆ, ಮರುದಿನ ಎದ್ದು ಎರಡು ಕಡೆ ಕೆಲಸಕ್ಕೆ ಹೋಗುತ್ತಾಳೆ. ಅದು ಹೇಳುವ ರೀತಿ, ಅಷ್ಟೇ. ನಾಲ್ಕು ಜನರ ಮುಂದೆ ನಿಲ್ಲಿಸಿ ಹೆಸರೆತ್ತಿದರೆ ಮೂಗಿಯ ಹಾಗೆ ನಿಲ್ಲುವುದನ್ನು ನಮ್ಮ ಅಮ್ಮಂದಿರು ನಮಗೆ ಕಲಿಸಿಲ್ಲ.

ಮೊಜೆಲ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು.

“ಮೊದಲು ದೇವರಿಗೆ ಸ್ತೋತ್ರ. ಇಷ್ಟು ದೂರ ಕೈ ಹಿಡಿದು ನಡೆಸಿದ. ದಣಿದಿದೀನಿ, ಸುಳ್ಳು ಹೇಳಲ್ಲ. ಭಾರ ಇಳಿಸು ಅಂತ ಅವನು ಹೇಳಿದಾಗ ಇಳಿಸ್ತೀನಿ. ನಿಮಗೆಲ್ಲ ವಂದನೆ. ಮಿಸ್ಟರ್ ಕೋಲ್ಟನ್‌ಗೂ ವಂದನೆ.”

ನಾವೆಲ್ಲ ಆಮೆನ್ ಎಂದೆವು. ಅಭ್ಯಾಸಬಲ. ನನ್ನ ಗಂಟಲು ಮೊದಲಿಂದ ದೊಡ್ಡದು, ನನ್ನದೇ ಎಲ್ಲರಿಗಿಂತ ಜೋರಾಗಿ ಕೇಳಿತು. ಆಮೇಲೆ ಕೇಕ್ ತಿಂದೆವು. ಸಕ್ಕರೆ ಕಾಯಿಲೆಯವಳು ನಾನು, ನಾನೂ ಒಂದು ತುಂಡು ತಿಂದೆ.

ಹೊರಗೆ ಕಾರು ನಿಲ್ಲಿಸಿದ ಕಡೆ ಅವಳ ಹಳೇ ಬ್ಯೂಕ್ ಇತ್ತು. ಒಳಗೆ ಕೂತು ಕೀಲಿ ತಿರುಗಿಸದೆ ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತಾಗ ಕೇಳಿದಳು.

“ಕ್ಲೋಟೀ, ನನ್ನನ್ನ ಕೆಲಸದಿಂದ ತೆಗೆದ್ರೇನೇ?”

ಹೌದು ಕಣೇ ಎಂದೆ.

ಅವಳು ಸುಮ್ಮನೆ ಕೂರುವವಳಲ್ಲ. ಸೋಮವಾರವೇ ಆಫೀಸಿಗೆ ಹೋಗಿ ನಾನು ನಿವೃತ್ತಿ ಕೇಳಿಲ್ಲ ಎಂದಳು. ಅಲ್ಲಿಯ ಹೆಂಗಸು ಬಹಳ ಮೃದು. ಅಯ್ಯೋ ಹಾಗಾ, ಹಾಗಿದ್ದರೆ ಅಟ್ಲಾಂಟಾದ ಮುಖ್ಯ ಕಚೇರಿಗೆ ಬರೆಯಿರಿ, ಅಲ್ಲಿ ಸಮಿತಿ ಇದೆ, ಮರುಪರಿಶೀಲನೆ ಮಾಡುತ್ತಾರೆ, ಅವರ ಉತ್ತರ ಬರುವವರೆಗೆ ಯಾವುದೂ ಅಂತಿಮವಲ್ಲ ಎಂದಳು. ಮೊಜೆಲ್ ನಂಬಿದಳು. ನಮ್ಮ ಕಡೆ ಯಾವ ಜಗಳವಾದರೂ ಮೊದಲು ಮನೆಯೊಳಗೆ ಮಾತು, ಆಮೇಲೆ ಚರ್ಚಿನ ಹಿರಿಯರು, ಅದೂ ಆಗದಿದ್ದರೆ ಮಾತ್ರ ಕೋರ್ಟು. ಹಿರಿಯರನ್ನು ದಾಟಿ ಕೋರ್ಟಿಗೆ ಓಡಿದವಳ ಮುಖ ಯಾರೂ ನೋಡುವುದಿಲ್ಲ. ಸಮಿತಿ ಎಂದರೆ ಹಿರಿಯರಿದ್ದ ಹಾಗೆ ಎಂದುಕೊಂಡಳು. ಬರೆದಳು. ಮಾರ್ಚ್ ಕೊನೆಯವರೆಗೂ ಕೊಳೆ ಕಡೆಯಲ್ಲಿ ಹೇಲು ಬಾಚಿದಳು. ಮನೆಗೆ ಹೋದಳು. ಕಾದಳು.

ಸಮಿತಿಯ ಉತ್ತರ ಆಗಸ್ಟಿನ ಕೊನೆಗೆ ಬಂತು. ನಿಮ್ಮ ದೀರ್ಘ ಸೇವೆಗೆ ಕೃತಜ್ಞರು, ತೀರ್ಮಾನ ಬದಲಿಸಲಾಗದು ಎಂದು ಎರಡು ಸಾಲು. ಎರಡು ಸಾಲು ಬರೆಯಲು ಅರ್ಧ ವರ್ಷ ಬೇಕಾಯಿತು ಆ ಜನಕ್ಕೆ.

ಊಟದ ಕೋಣೆಯಲ್ಲಿ ಕೋಕಾ ಕೋಲಾ ಯಂತ್ರದ ಹಿಂದೆ ಒಂದು ಸರ್ಕಾರಿ ಭಿತ್ತಿಪತ್ರವಿದೆ. ಹಾಕದಿದ್ದರೆ ದಂಡ, ಅದಕ್ಕೆ ಹಾಕಿದ್ದಾರೆ. ಓದಬಾರದೆಂದು ಮುಂದೆ ಯಂತ್ರ ನಿಲ್ಲಿಸಿದ್ದಾರೆ. ಬದಿಯಿಂದ ತಲೆ ತೂರಿಸಿದರೆ ಅರ್ಧ ಕಾಣುತ್ತದೆ. ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ತೆಗೆದರೆ ಕಾನೂನುಬಾಹಿರ, ನೂರ ಎಂಬತ್ತು ದಿನದೊಳಗೆ ದೂರು ಕೊಡಿ ಎಂದಿದೆ. ಯಾವತ್ತಿನಿಂದ ಎಣಿಸಬೇಕು ಎಂಬುದು ಯಂತ್ರದ ಹಿಂದಿನ ಅರ್ಧದಲ್ಲಿತ್ತೋ, ಇರಲೇ ಇಲ್ಲವೋ, ನಾನು ಕಾಣೆ. ನಾನು ಓದಿ ಬಂದು ಹೇಳಿದೆ. ಮೊಜೆಲ್ ಕ್ಯಾಲೆಂಡರ್ ಹಿಡಿದು ಕೂತಳು. ಕೆಲಸ ಬಿಟ್ಟ ಕೊನೆಯ ದಿನದಿಂದ ಎಣಿಸಿದಳು. ಇನ್ನೂ ಸಮಯವಿತ್ತು. ಬರ್ಮಿಂಗ್‌ಹ್ಯಾಮಿನ ಕೇಂದ್ರ ಸರ್ಕಾರದ ಕಚೇರಿಗೆ ಹೋಗಿ ಸೆಪ್ಟೆಂಬರಿನಲ್ಲಿ ದೂರು ಕೊಟ್ಟು ಬಂದಳು. ಗಡುವಿಗೆ ಮೊದಲೇ ಕೊಟ್ಟೆ ಎಂದು ಚರ್ಚಿನಲ್ಲಿ ಸಾಕ್ಷಿಯನ್ನೂ ಹೇಳಿದಳು. ನಾವು ಆಮೆನ್ ಎಂದೆವು.

ಕ್ರಿಸ್‌ಮಸ್ಸಿಗೆ ಮುಂಚೆ ಪತ್ರ ಬಂತು. ದೂರು ತಡವಾಗಿದೆ, ಮುಕ್ತಾಯಗೊಳಿಸಲಾಗಿದೆ.

ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲೆ ಒಬ್ಬಳಿದ್ದಾಳೆ, ರೆನಿತಾ. ನಮ್ಮವಳೇ, ಕಪ್ಪು ಹುಡುಗಿ, ಅವಳ ಅಜ್ಜಿ ಬಿಳಿಯರ ಮನೆಯ ಬಟ್ಟೆ ಒಗೆದವಳು. ಅವಳ ಹತ್ತಿರ ಹೋದೆವು. ಮತ್ತೊಮ್ಮೆ ಹೋಗುವಷ್ಟರಲ್ಲಿ ಅವಳು ದೂರಿಗೆ ಕಂಪನಿ ಕೊಟ್ಟ ಉತ್ತರ ತರಿಸಿಕೊಂಡಿದ್ದಳು. ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಹಾಕಿದಳು. ನೀಲಿ ಕ್ರೀಮಿನ ಕೇಕು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿರುವ ಮೊಜೆಲ್. ಮೊದಲು ದೇವರಿಗೆ ಸ್ತೋತ್ರ. ದಣಿದಿದೀನಿ. ಭಾರ ಇಳಿಸ್ತೀನಿ. ಮಿಸ್ಟರ್ ಕೋಲ್ಟನ್‌ಗೂ ವಂದನೆ. ಕೊನೆಗೆ ನನ್ನ ಆಮೆನ್, ಕೋಣೆ ತುಂಬುವಂತೆ.

ಈಕೆ ಸಂತೋಷದಿಂದ ನಿವೃತ್ತಿಯಾದರು, ನೋಡಿ, ವಂದನೆಯನ್ನೂ ಹೇಳಿದ್ದಾರೆ ಎಂದು ಕಂಪನಿ ಬರೆದಿತ್ತು. ಒಂದು ವೇಳೆ ತೆಗೆದದ್ದೇ ಆದರೂ, ಆ ವಿಷಯ ಈಕೆಗೆ ಫೆಬ್ರವರಿಯ ಈ ದಿನವೇ ಗೊತ್ತಿತ್ತು, ವಿಡಿಯೋದಲ್ಲಿ ತಾರೀಖಿದೆ, ಹಾಗಾಗಿ ದೂರು ಒಂದು ತಿಂಗಳು ತಡ ಎಂದೂ ಬರೆದಿತ್ತು. ಒಂದೇ ಕೇಕು, ಎರಡು ಕಡೆಯಿಂದ ಕುಯ್ದಿದ್ದರು.

ರೆನಿತಾ ತಪ್ಪು ತನ್ನದೇನೋ ಎಂಬಂತೆ ತಲೆ ತಗ್ಗಿಸಿ ಮಾತಾಡಿದಳು.

“ಮಿಸ್ ಮೊಜೆಲ್, ನೀವು ಯಾವತ್ತು ಹೊರಗೆ ಹೋದ್ರಿ ಅನ್ನೋದು ಲೆಕ್ಕಕ್ಕಿಲ್ಲ ಅಮ್ಮಾ. ಅವರು ಯಾವತ್ತು ಹೇಳಿದ್ರು ಅನ್ನೋದೇ ಲೆಕ್ಕ. ಹೇಳಿದ ದಿನದಿಂದ ಗಡಿಯಾರ ಓಡುತ್ತೆ. ಕಂಪನಿ ಸಮಿತಿಗೆ ಬರ್ಕೊಂಡ್ರೂ ಅದು ನಿಲ್ಲಲ್ಲ.”

ಸಮಿತಿ ಕಾಯಿಸಿದ್ದು ಸುಮ್ಮನೆ ಅಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಆ ಮೃದು ಮಾತಿನ ಹೆಂಗಸಿನ ಮುಖ ಕಣ್ಣ ಮುಂದೆ ಬಂತು. ಕುತ್ತಿಗೆ ಹಿಸುಕಬೇಕೆನಿಸಿತು. ಹಿಸುಕಲು ಕೂಡ ಕೈಯಲ್ಲಿ ಶಕ್ತಿ ಇರಲಿಲ್ಲ, ಬೆಳಗಿನಿಂದ ಶೀಟು ಎಳೆದ ಕೈ ಅದು.

ಮೊಜೆಲ್ ಸಿಟ್ಟಾಗಲಿಲ್ಲ. ವಿಡಿಯೋ ನಿಂತ ಜಾಗದಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದಳು.

“ನಾನು ಮಾತಾಡಿದ್ದು ದೇವರ ಹತ್ರ,” ಎಂದಳು. “ಇವರು ಯಾಕೆ ಕೇಳಿಸ್ಕೊಂಡ್ರು?”

ರೆನಿತಾ ವಿಡಿಯೋ ಮುಚ್ಚಿದಳು. ನನ್ನ ಕಡೆ ತಿರುಗಿದಳು. ನಿಮಗೆಷ್ಟು ವಯಸ್ಸು ಮಿಸ್ ಕ್ಲೋಟೀ ಎಂದಳು. ಅರವತ್ತೆರಡು ಎಂದೆ. ಹಾಗಾದರೆ ನೀವು ಕೇಳಿಕೊಳ್ಳಿ ಎಂದು ಒಂದೊಂದಾಗಿ ಹೇಳಿದಳು. ಹೇಳಿದ ದಿನವನ್ನು ಮರೆಯಬೇಡಿ. ಯಾರ ಮುಂದೆ ಹೇಳಿದರು, ಏನೆಂದರು, ಅದೂ ನೆನಪಿರಲಿ. ಸಮಿತಿಗೆ ಬರೆಯುವುದಾದರೆ ಬರೆಯಿರಿ, ಆದರೆ ಕಾಯಬೇಡಿ. ಹಕ್ಕು ಬಿಟ್ಟುಕೊಡುವ ಕಾಗದ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ, ಯೋಚಿಸಲು ಮೂರು ವಾರವನ್ನಾದರೂ ಕೊಡಲೇಬೇಕೆಂದು ಕಾನೂನಿದೆ. ಮೊದಲು ಸರ್ಕಾರದ ಕಚೇರಿಯಲ್ಲಿ ದೂರು. ಅದಿಲ್ಲದೆ ಕೋರ್ಟಿನ ಬಾಗಿಲು ತೆರೆಯುವುದಿಲ್ಲ. ದೂರು ಕೊಟ್ಟು ಎರಡು ತಿಂಗಳು ಕಳೆದ ಮೇಲೆ ಕೋರ್ಟು. ಕಚೇರಿಯವರು ಕೈ ತೊಳೆದುಕೊಂಡು ಪತ್ರ ಕಳಿಸಿದರೆ, ಆ ಪತ್ರ ಕೈಗೆ ಬಂದ ಮೇಲೆ ಮೂರು ತಿಂಗಳೊಳಗೆ ಕೋರ್ಟು. ಅಪಾಯಿಂಟ್‌ಮೆಂಟ್ ಇಲ್ಲ ಎಂದು ವಾಪಸು ಕಳಿಸಲು ನೋಡುತ್ತಾರೆ, ಆಗ ಒಂದು ಹಾಳೆಯಲ್ಲಿ ಯಾರು, ಏನು, ಯಾವಾಗ ಎಂದು ಬರೆದು ಸಹಿ ಹಾಕಿ ಕೊಡಿ, ಮೊಹರು ಒತ್ತಿಸಿಕೊಳ್ಳಿ.

ನಾನು ಕೇಳುತ್ತಾ ಹೋದೆ. ನನಗಿಂತ ಹೆಚ್ಚಾಗಿ ಮೊಜೆಲ್ ಕೇಳುತ್ತಿದ್ದಳು. ಅವಳಿಗೆ ಇನ್ನು ಯಾವ ಉಪಯೋಗಕ್ಕೂ ಬಾರದ ಮಾತನ್ನು ಅವಳು ತುಟಿ ಆಡಿಸುತ್ತಾ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಈಗ ಅವಳು ಹೆದ್ದಾರಿ ಪಕ್ಕದ ಬರ್ಗರ್ ಅಂಗಡಿಯಲ್ಲಿ ಮೇಜು ಒರೆಸುತ್ತಾಳೆ. ಅಲ್ಲಿ ವಿಮೆ ಇಲ್ಲ. ಎದೆಯ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಾಳೆ. ಡಾಕ್ಟರಿಗೆ ಗೊತ್ತಾದರೆ ಬೈಯುತ್ತಾರೆ ಎಂದು ಡಾಕ್ಟರ ಹತ್ತಿರ ಹೋಗುವುದಿಲ್ಲ. ಹೋಗಲು ದುಡ್ಡೂ ಇಲ್ಲ.

ಮೊಜೆಲ್ ಗೋಡೆಯ ಆಚೆ ಹೋದ ಮೇಲೆ ನನಗೆ ಒಬ್ಬಳು ಹುಡುಗಿಯನ್ನು ಜೋಡಿ ಹಾಕಿದ್ದರು. ಒಳ್ಳೆಯ ಹುಡುಗಿ, ಆದರೆ ಶೀಟನ್ನು ಜಗ್ಗುತ್ತಿದ್ದಳು. ಜನವರಿಯಲ್ಲಿ ನನ್ನನ್ನೂ ಕೊಳೆ ಕಡೆಗೆ ಹಾಕಿದರು. ಯಂತ್ರ ಹೇಳುತ್ತಿದೆ ಎಂದ ಕೋಲ್ಟನ್. ಹೋದೆ. ಇಪ್ಪತ್ತೇಳು ವರ್ಷದ ಹಿಂದೆ ಬಿಟ್ಟ ವಾಸನೆ ಗುರುತು ಹಿಡಿದು ಮೈಗೆ ಹತ್ತಿಕೊಂಡಿತು. ಮೊದಲ ವಾರವೇ ಒಂದು ಸೂಜಿ ಕೈಗವಸು ದಾಟಿ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಪರೀಕ್ಷೆ ಮಾಡಿಸಿದರು. ಇಂಥದ್ದೆಲ್ಲ ವಯಸ್ಸಾದವರಿಗೇ ಹೆಚ್ಚು ಆಗುತ್ತೆ ಎಂದ ಕೋಲ್ಟನ್, ನರ್ಸಿನ ಮುಂದೆ. ಸೂಜಿಗೆ ನನ್ನ ವಯಸ್ಸು ಹೇಗೆ ಗೊತ್ತಾಯಿತೋ.

ಈ ಮಾರ್ಚಿನ ಒಂದು ಶುಕ್ರವಾರ ಕೇಕ್ ಬಂತು.

ಗೋಡೆಯ ಆಚೆಯಿಂದಲೇ ನನಗೆ ತಿಳಿಯಿತು. ಮಡಿಸುವ ಮೇಜಿನ ಲುಡೀ ಓಡಿ ಬಂದು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ ಹೋದಳು. ಅವಳಿಗೆ ಐವತ್ತೆಂಟು. ಮುಂದಿನ ಕೇಕು ತನ್ನದಿರಬಹುದೆಂದು ಅವಳಿಗೂ ಗೊತ್ತು. ನಾನು ಗವಸು ತೆಗೆದೆ. ಮೊಣಕೈವರೆಗೆ ತೊಳೆದೆ. ಮೊಜೆಲಳಿಗೆ ಫೋನು ಮಾಡಿ, ಬಂತು ಕಣೇ ಎಂದೆ. ಬಂದೆ ಎಂದಳು ಅವಳು.

ಊಟದ ಕೋಣೆ ತುಂಬಿತ್ತು. ಬಿಳಿ ಕೇಕು, ನೀಲಿ ಕ್ರೀಮು, ಹೆಸರು ಮಾತ್ರ ನನ್ನದು. ಈ ತಿಂಗಳ ಕೊನೆಗೆ ನಮ್ಮ ಮಿಸ್ ಕ್ಲೋಟೀ ವಿಶ್ರಾಂತಿಗೆ ಹೋಗುತ್ತಿದ್ದಾರೆ ಎಂದ ಕೋಲ್ಟನ್. ಫೋನು ಎತ್ತಿದ. ಎರಡು ಮಾತಾಡಿ ಎಂದ. ಎಲ್ಲ ಮುಖಗಳೂ ನನ್ನ ಕಡೆ. ನಾನು ಯಾವ ಚರ್ಚಿನವಳು, ಹೇಗೆ ಮಾತಾಡುತ್ತೇನೆ ಎಂದು ಅವರಿಗೆಲ್ಲ ಗೊತ್ತು.

“ಮೊದಲು ದೇವರಿಗೆ ಸ್ತೋತ್ರ,” ಎಂದೆ.

ಕೋಲ್ಟನ್ ನಕ್ಕ. ಫೋನು ಸರಿಯಾಗಿ ಹಿಡಿದ.

“ನಾನು ನಿವೃತ್ತಿ ಆಗ್ತಿಲ್ಲ. ನಾನು ಕೇಳಿಲ್ಲ. ಇವರು ನನ್ನನ್ನ ಕೆಲಸದಿಂದ ತೆಗೀತಿದಾರೆ, ವಯಸ್ಸಾಯ್ತು ಅಂತ. ಇವತ್ತೇ ಹೇಳ್ತಿದಾರೆ, ನಿಮ್ಮೆಲ್ಲರ ಮುಂದೆ. ಮೊಜೆಲ್‌ಗೂ ಹಿಂಗೇ ಮಾಡಿದ್ರು.”

ಫೋನು ಕೆಳಗಿಳಿಯಿತು.

“ಇಳಿಸಬೇಡಿ ಮಿಸ್ಟರ್ ಕೋಲ್ಟನ್. ಹಿಡ್ಕೊಳ್ಳಿ. ನಂದಿನ್ನೂ ಮುಗಿದಿಲ್ಲ. ಮುರಿದ ರೋಲರು ನಮಗೆ ಕೊಟ್ಟಿದ್ದು ನೀವು. ಕೆಂಪು ದೀಪ ತೋರಿಸಿದ್ದು ನೀವು. ಹೊಸ ರಕ್ತ ಬೇಕು ಅಂದಿದ್ದು ನೀವು. ಇಲ್ಲಿ ನಿಂತಿರೋರೆಲ್ಲ ಕೇಳಿದಾರೆ.”

ಸುಮ್ಮನಾದೆ. ನಮ್ಮಲ್ಲಿ ಸಾಕ್ಷಿ ಹೇಳಿ ನಿಲ್ಲಿಸಿದರೆ ಕೂತವರು ಆಮೆನ್ ಎನ್ನಬೇಕು. ಆ ಕೋಣೆಯಲ್ಲಿ ಅರ್ಧಕ್ಕರ್ಧ ಜನ ನನ್ನ ಜೊತೆ ಒಂದೇ ಚರ್ಚಿನಲ್ಲಿ ಕೂತವರು. ಕಾದೆ.

ಯಾರೂ ಆಮೆನ್ ಎನ್ನಲಿಲ್ಲ.

ನಾನು ಅವರನ್ನು ಬೈಯುವುದಿಲ್ಲ. ಒಬ್ಬೊಬ್ಬರ ಮನೆಯಲ್ಲೂ ಔಷಧಿಯ ಬಾಟಲಿಗಳಿವೆ, ಮನೆ ಬಾಡಿಗೆಯಿದೆ. ಕೋಲ್ಟನ್ ಚೇತರಿಸಿಕೊಂಡು, ಮಿಸ್ ಕ್ಲೋಟೀಗೆ ಇವತ್ತು ಸ್ವಲ್ಪ ಬೇಜಾರಾಗಿದೆ, ಬನ್ನಿ ಬನ್ನಿ, ಕೇಕ್ ತಗೊಳ್ಳಿ ಎಂದ. ಕಾಗದದ ತಟ್ಟೆಗಳ ಕಟ್ಟನ್ನು ಲುಡೀಯ ಕಡೆ ಚಾಚಿದ. ಲುಡೀ ಕೈ ಹಿಂದೆ ಕಟ್ಟಿಕೊಂಡಳು. ಪಕ್ಕದವಳ ಕಡೆ ಚಾಚಿದ. ಅವಳೂ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಐದರಿಂದ ನಿಂತು ಹಸಿದ ಹೆಂಗಸರು. ಆ ಕೋಣೆಯಲ್ಲಿ ಒಂದು ಬಿಸ್ಕತ್ತೂ ಮಿಕ್ಕಿದ್ದನ್ನು ನಾನು ನೋಡಿಲ್ಲ. ಅವತ್ತು ಒಬ್ಬರೂ ತಟ್ಟೆ ಮುಟ್ಟಲಿಲ್ಲ. ಕೇಕ್ ಹಾಗೇ ಇತ್ತು. ಕೋಲ್ಟನ್ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ, ಅವನ ಕಿವಿ ಕೆಂಪಗಾಗಿತ್ತು.

ಆಫೀಸಿನ ಮೃದು ಹೆಂಗಸು ಒಂದು ಲಕೋಟೆ ಕೊಟ್ಟು, ಇಲ್ಲೊಂದು ಸಣ್ಣ ಸಹಿ ಎಂದಳು. ಮೂರು ವಾರ ಯೋಚಿಸುತ್ತೇನೆ ಎಂದೆ. ಅವಳ ಮುಖ ಅಷ್ಟು ಮೃದುವಾಗಿ ಉಳಿಯಲಿಲ್ಲ. ಬೇಕಿದ್ದರೆ ಅಟ್ಲಾಂಟಾಕ್ಕೆ ಬರೆಯಬಹುದು ಎಂದಳು. ನೀವೇ ಬರೆಯಿರಿ ಎಂದೆ. ಆಮೇಲೆ ಕೇಕಿನ ಡಬ್ಬಿ ಮುಚ್ಚಿ ಎತ್ತಿಕೊಂಡೆ. ನನ್ನ ಹೆಸರಿದೆಯಲ್ಲ, ನನ್ನದೇ ಅದು.

ಬ್ಯೂಕ್ ಹೊರಗೆ ನಿಂತಿತ್ತು. ಮೊಜೆಲ್ ಬರ್ಗರ್ ಅಂಗಡಿಯ ಟೋಪಿಯಲ್ಲೇ ಬಂದಿದ್ದಳು. ಅರ್ಧ ದಿನದ ಕೂಲಿ ಕಳೆದುಕೊಂಡು ಬಂದಿದ್ದಾಳೆ ಎಂದು ಗೊತ್ತಾಯಿತು, ಕೇಳಲಿಲ್ಲ. ಬರ್ಮಿಂಗ್‌ಹ್ಯಾಮಿಗೆ ಅರ್ಧ ಗಂಟೆ. ಕೇಕ್ ನನ್ನ ತೊಡೆಯ ಮೇಲೆ. ನನ್ನ ಮೈಯಿಂದ ಕೊಳೆ ಕಡೆಯ ವಾಸನೆ, ಅವಳ ಮೈಯಿಂದ ಕರಿದ ಎಣ್ಣೆಯ ವಾಸನೆ. ಕಿಟಕಿ ಇಳಿಸಿಕೊಂಡೆವು. ದಾರಿಯಲ್ಲಿ ನನಗೆ ಕಣ್ಣು ಎಳೆದುಕೊಂಡು ಹೋಯಿತು. ಯಾರಾದರೂ ಅಲ್ಲೇ ಮಲಗು ಎಂದಿದ್ದರೆ ಮಲಗಿಬಿಡುತ್ತಿದ್ದೆ. ಇನ್ನು ವರ್ಷಗಟ್ಟಲೆ ಎಳೆಯುತ್ತಾರೆ ಎಂದು ರೆನಿತಾ ಹೇಳಿದ್ದಳು. ಗೆಲ್ಲುತ್ತೀರಿ ಎಂದು ಅವಳು ಒಂದು ಸಲವೂ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಐದಕ್ಕೆ ಮತ್ತೆ ಗೋಡೆಯ ಆಚೆ ಹೋಗಬೇಕು, ತಿಂಗಳ ಕೊನೆಯವರೆಗೆ. ಅದನ್ನು ನೆನೆಸಿಕೊಂಡರೆ ಮೊಣಕಾಲು ಈಗಲೇ ನೋಯುತ್ತಿತ್ತು.

ಸರ್ಕಾರಿ ಕಚೇರಿಯ ಮುಂದೆ ಕಾರು ನಿಲ್ಲಿಸಿ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಮೊಜೆಲ್ ಪಕ್ಕದಲ್ಲಿ ನಿಂತು, ಯಾರು ಅಂತ ಬರೆದೆಯಾ, ಏನಂದ ಅಂತ ಬರಿ, ಯಾರ ಮುಂದೆ ಅಂತ ಬರಿ ಎಂದು ಹೇಳಿಸಿದಳು. ಒಂದೂ ಬಿಡಲಿಲ್ಲ. ಸಹಿ ಹಾಕು ಎಂದಳು. ಹಾಕಿದೆ.

ಬಾಗಿಲ ಕಾವಲುಗಾರ ಕೇಕ್ ಒಳಗೆ ಬಿಡುವುದಿಲ್ಲ ಎಂದ. ಇದು ತಿನ್ನೋ ಕೇಕಲ್ಲಪ್ಪಾ ಎಂದೆ. ಅವನು ಡಬ್ಬಿ ತೆರೆದು ನೋಡಿದ. ಮೇಲೆ ಬರೆದದ್ದನ್ನು ಓದಿದ, ನಮ್ಮಿಬ್ಬರನ್ನು ನೋಡಿದ. ಅವನಿಗೂ ಅರವತ್ತರ ಹತ್ತಿರ ಇರಬೇಕು. ತಪಾಸಣೆ ಯಂತ್ರದಲ್ಲಿ ಒಮ್ಮೆ ಓಡಿಸಿ ಒಳಗೆ ಬಿಟ್ಟ.

ಕಿಟಕಿಯ ಹಿಂದೆ ಕನ್ನಡಕದ ಹೆಂಗಸು. ಇವತ್ತು ಬೇಗ ಮುಚ್ಚುತ್ತೇವೆ, ಅಪಾಯಿಂಟ್‌ಮೆಂಟ್ ಇಲ್ಲದೆ ಆಗುವುದಿಲ್ಲ ಎಂದಳು. ಹಾಳೆ ಮುಂದಿಟ್ಟು ಮೊಹರು ಒತ್ತಿ ಎಂದೆ. ಅವಳು ನಿಟ್ಟುಸಿರು ಬಿಟ್ಟಳು. ಅವಳೂ ದಣಿದಿದ್ದಳು, ಪಾಪ. ಹಾಳೆ ಎಳೆದುಕೊಂಡು, ತಲೆಯೆತ್ತದೆ ಕೇಳಿದಳು. ದಿನಕ್ಕೆ ಎಷ್ಟು ಜನರಿಗೆ ಕೇಳಿದ್ದಳೋ, ಎಷ್ಟು ಜನರಿಗೆ ತಡವಾಯಿತಮ್ಮಾ ಎಂದಿದ್ದಳೋ.

“ನಿಮಗೆ ಹೇಳಿದ್ದು ಯಾವಾಗಮ್ಮಾ? ಎಷ್ಟು ತಿಂಗಳಾಯ್ತು?”

“ಇವತ್ತು,” ಎಂದೆ.

ಅವಳು ತಲೆಯೆತ್ತಿದಳು. ನಾನು ಕಿಟಕಿಯ ಮುಂದೆ ಡಬ್ಬಿ ಇಟ್ಟು ಮುಚ್ಚಳ ತೆಗೆದೆ.

ನನ್ನ ಬೆನ್ನ ಹಿಂದೆ ಮೊಜೆಲ್ ಆಮೆನ್ ಎಂದಳು.